ಸೂರ್ಯನ ಛಾಯಾಚಿತ್ರಗಳಲ್ಲಿ ತೋರುವ ಆಭಾಸಗಳು: ಅವುಗಳ ಪರೀಕ್ಷೆ ಮತ್ತು ಪರಿಹಾರ

ಸೂರ್ಯಗ್ರಹಣದ ನಿಮಿತ್ತ ಬಿಟ್ಟ ದತ್ತಿಗಳನ್ನು ಹೇಳುವ ಶಾಸನಗಳು ಇತಿಹಾಸದ ವಿದ್ಯಾರ್ಥಿಗಳಿಗೆ ಪರಿಚಿತವಾದುವೇ ಆಗಿವೆ. ಅಂಥ ಶಾಸನವನ್ನು ಓದುವಾಗ ಕಲ್ಲಿನ ಮೇಲಿನ ಒಂದು ಚುಕ್ಕೆಯು ಕಂಡರಣೆಯ ಉಳಿಯಿಂದ ಆದುದೋ, ಕಾಲದ ಸವೆತದಿಂದ ಆದುದೋ ಎಂಬುದನ್ನು ಮೊದಲು ನಿರ್ಣಯಿಸಬೇಕಾಗುತ್ತದೆ. ಸೂರ್ಯನ ಛಾಯಾಚಿತ್ರವನ್ನು ತೆಗೆಯುವ ಹವ್ಯಾಸಿಗೂ ಇದೇ ಪ್ರಶ್ನೆ ಎದುರಾಗುತ್ತದೆ. ಚಿತ್ರದಲ್ಲಿ ಕಾಣುವ ಗುರುತು ಸೂರ್ಯನದೋ, ಉಪಕರಣದ್ದೋ? ಇದನ್ನು ತಿಳಿಯುವ ಕ್ರಮವನ್ನು ವಿವರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಈ ಪ್ರಶ್ನೆಗೆ ನಮ್ಮ ಪ್ರದೇಶದ ಇತಿಹಾಸದಲ್ಲಿಯೇ ಒಂದು ಪೂರ್ವಕಥೆಯುಂಟು. 1868ನೆಯ ಇಸವಿಯ ಆಗಸ್ಟ್ 18ರ ಖಗ್ರಾಸ ಸೂರ್ಯಗ್ರಹಣದ ಪಥವು ಈ ನಾಡಿನ ಮೇಲೆ ಹಾದುಹೋಯಿತು. ಅಂದು ಕ್ಯಾಪ್ಟನ್ ಹೇಗ್ ಅವರು ಬಿಜಾಪುರವೆನಿಸಿದ್ದ ಈ ವಿಜಯಪುರದಿಂದಲೂ, ಲೆಫ್ಟಿನೆಂಟ್ ಜಾನ್ ಹರ್ಷೆಲ್ ಅವರು ಜಮಖಂಡಿಯಿಂದಲೂ ವರ್ಣಪಟಲದರ್ಶಕದ ಮೂಲಕ ಗ್ರಹಣವನ್ನು ವೀಕ್ಷಿಸಿದರು. ಅದೇ ಪಥದ ಪೂರ್ವಭಾಗದಲ್ಲಿರುವ ಗುಂಟೂರಿನಲ್ಲಿ ಮೇಜರ್ ಟೆನಂಟ್ ಅವರು ಆರು ಗಾಜಿನ ಫಲಕಗಳ ಮೇಲೆ ಛಾಯಾಚಿತ್ರಗಳನ್ನು ತೆಗೆದರು. ತೆಳುಮೋಡದ ದೆಸೆಯಿಂದ ಫಲಕಗಳಿಗೆ ಬೆಳಕು ಸಾಲದಾಯಿತು; ಅದರ ಮೇಲೆ ಶಾಖದಿಂದ ಸಿಲ್ವರ್ ನೈಟ್ರೇಟ್ ದ್ರಾವಣವು ಸಾಂದ್ರವಾಗಿ ಚಿತ್ರಗಳ ತುಂಬ ಚುಕ್ಕೆಗಳಾದುವು. ಆದರೂ ಸೂರ್ಯನ ಅಂಚಿನಿಂದ ಕೊಂಬಿನಂತೆ ಮೇಲೆದ್ದಿದ್ದ ಜ್ವಾಲೆಯನ್ನು ಯಾರೂ ಸಂಶಯಿಸಲಿಲ್ಲ. ಅದನ್ನು ಬೇರೆ ಊರುಗಳ ವೀಕ್ಷಕರೂ ಕಂಡಿದ್ದರು. ಚುಕ್ಕೆಗಳಾದರೋ ಆ ಫಲಕಗಳಿಗೆ ಮಾತ್ರ ಸೇರಿದುವು.

ಇಂದು ಫಲಕದ ಸ್ಥಾನದಲ್ಲಿ ಡಿಜಿಟಲ್ ಕ್ಯಾಮೆರಾದ ಸಂವೇದಕವಿದೆ. ಚುಕ್ಕೆಗಳು ಮಾತ್ರ ತಪ್ಪಿಲ್ಲ. ಪ್ರಸ್ತುತ ಲೇಖಕನು ವಿಜಯಪುರದ ತನ್ನ ಮನೆಯ ಮಾಳಿಗೆಯಿಂದಲೂ, ಬಿಡುವಿನ ದಿನಗಳಲ್ಲಿ ತಿಕೋಟಾ ಮತ್ತು ಬಬಲೇಶ್ವರಗಳಿಂದಲೂ ಸೂರ್ಯನ ಚಿತ್ರಗಳನ್ನು ತೆಗೆದು, ಸೂರ್ಯಕಲೆಗಳ ಸಂಖ್ಯೆಯನ್ನು ವಹಿಯಲ್ಲಿ ಬರೆದಿಡುತ್ತ ಬಂದಿದ್ದನು. ಭೂಮಿಯಿಂದ ನೋಡುವವರಿಗೆ ಸೂರ್ಯನು ಸುಮಾರು 27 ದಿನಗಳಲ್ಲಿ ಒಂದು ಸುತ್ತು ತಿರುಗಿದಂತೆ ಕಾಣುವುದರಿಂದ, ನಿಜವಾದ ಕಲೆಯು ದಿನದಿನಕ್ಕೆ ಬಿಂಬದ ಮೇಲೆ ಸರಿಯಲೇಬೇಕು. ಒಂದು ಕಲೆಯಾದರೋ ಮೂರು ಊರುಗಳ ಚಿತ್ರಗಳಲ್ಲಿಯೂ ಇದ್ದಲ್ಲಿಯೇ ಇದ್ದಿತು. ಅದು ಸಂವೇದಕದ ಮೇಲಿನ ಧೂಳಿನ ಕಣವೆಂದು ತಿಳಿಯುವಷ್ಟರಲ್ಲಿ ಹಲವು ದಿನಗಳ ಎಣಿಕೆಯು ಕೆಟ್ಟಿತ್ತು. ಆ ಪುಟಗಳನ್ನು ಹೊಡೆದುಹಾಕಬೇಕಾಯಿತು.

ಇಂಥ ತಪ್ಪನ್ನು ತಡೆಯಲು ಎರಡು ಪರೀಕ್ಷೆಗಳು ಸಾಕು. ಮೊದಲನೆಯದಾಗಿ, ದೂರದರ್ಶಕವನ್ನು ತುಸು ಸರಿಸಿ ಇನ್ನೊಂದು ಚಿತ್ರವನ್ನು ತೆಗೆಯಬೇಕು. ಗುರುತು ಬಿಂಬದೊಡನೆ ಸರಿದರೆ ಅದು ಸೂರ್ಯನದು. ಚೌಕಟ್ಟಿನಲ್ಲಿ ಇದ್ದಲ್ಲಿಯೇ ನಿಂತರೆ ಉಪಕರಣದ್ದು. ಎರಡನೆಯದಾಗಿ, ಕ್ಯಾಮೆರಾವನ್ನು ಮಾತ್ರ ತಿರುಗಿಸಬೇಕು. ಆಗಲೂ ಗುರುತು ಚೌಕಟ್ಟಿನ ಅದೇ ಸ್ಥಾನದಲ್ಲಿದ್ದರೆ ಧೂಳು ಕ್ಯಾಮೆರಾದೊಳಗಿದೆ. ಸ್ಥಾನ ಬದಲಾದರೆ ಮುಂದಿನ ಗಾಜುಗಳ ಮೇಲಿದೆ. ಸಂವೇದಕದ ಸಮೀಪದ ಕಣವು ಚಿಕ್ಕದಾಗಿ ಸ್ಪಷ್ಟವಾಗಿಯೂ, ದೂರದ್ದು ದೊಡ್ಡದಾಗಿ ಮಸುಕಾಗಿಯೂ ತೋರುತ್ತದೆ. ಗಾಳಿಯ ಬುರುಡೆಯಿಂದ ಊದಿಯೂ ಹೋಗದ ಗುರುತುಗಳಿಗೆ ಸಮಪ್ರಕಾಶದ ಚಿತ್ರವೊಂದನ್ನು ತೆಗೆದು, ಮೂಲಚಿತ್ರವನ್ನು ಅದರಿಂದ ಭಾಗಿಸುವುದು ರೂಢಿ. ಅದಕ್ಕಾಗಿ ಸೋಲಾರ್ ಫಿಲ್ಟರಿನ ಮುಂದೆ ತೆಳುವಾದ ಅರೆಪಾರದರ್ಶಕ ಹಾಳೆಯನ್ನು ಹಿಡಿಯಬೇಕು. ದೂರದರ್ಶಕದ ಬಾಯಿಗೆ ಪೂರ್ತಿಯಾಗಿ ಮುಚ್ಚಿದ ಆ ಫಿಲ್ಟರನ್ನು ಯಾವ ಕಾರಣಕ್ಕೂ ತೆಗೆಯಕೂಡದು. ತೆಗೆದರೆ ಕಣ್ಣಿಗೂ ಸಂವೇದಕಕ್ಕೂ ಅಪಾಯ.

ಹೈಡ್ರೋಜನ್-ಆಲ್ಫಾ ಎಂಬ ಒಂದೇ ಕೆಂಪು ತರಂಗಾಂತರದ ಬೆಳಕಿನಲ್ಲಿ ತೆಗೆದ ಚಿತ್ರಗಳಲ್ಲಿ ಇನ್ನೊಂದು ಆಭಾಸವು ಕಾಣುವುದುಂಟು. ಬಿಂಬದ ಮೇಲೆ ಸಮಾನಾಂತರವಾದ ಕಪ್ಪು-ಬಿಳಿ ಪಟ್ಟೆಗಳು ಮೂಡುತ್ತವೆ. ಇವು ನ್ಯೂಟನ್ನನ ಉಂಗುರಗಳ ಜಾತಿಯವು. ಸಂವೇದಕಕ್ಕೂ ಅದರ ಮುಚ್ಚುಗಾಜಿಗೂ ನಡುವೆ ಪ್ರತಿಫಲಿಸಿದ ಬೆಳಕಿನ ಅಲೆಗಳು ಒಂದನ್ನೊಂದು ಕೂಡುವುದರಿಂದಲೂ ಕಳೆಯುವುದರಿಂದಲೂ ಆಗುತ್ತವೆ. ಕ್ಯಾಮೆರಾವನ್ನು ತುಸು ಓರೆಯಾಗಿಸಿದರೆ ಬಹುಮಟ್ಟಿಗೆ ಮಾಯವಾಗುತ್ತವೆ.

ಅಂಚಿನ ಅಲೆಯಾಟಕ್ಕೆ ಕಾರಣವು ಗಾಳಿ. ಮರಗಳು ವಿರಳವಾದ ನಮ್ಮ ಎರೆಯ ಬಯಲು ಬಿಸಿಲಿಗೆ ಬೇಗ ಕಾಯುತ್ತದೆ. ನಗರದ ಕಾಂಕ್ರೀಟು ಮಾಳಿಗೆಗಳೂ ಹಾಗೆಯೇ. ಮಧ್ಯಾಹ್ನದ ಹೊತ್ತಿಗೆ ಬಿಂಬದ ಅಂಚು ಕುದಿಯುವ ನೀರಿನಂತೆ ಕಾಣುತ್ತದೆ. ತಿಕೋಟಾದ ದ್ರಾಕ್ಷಿ ತೋಟವೊಂದರ ಪಕ್ಕದಲ್ಲಿ ಬೆಳಗಿನ ಹೊತ್ತು ತೆಗೆದ ಚಿತ್ರಗಳು ನಮಗೆ ಮಾಳಿಗೆಯ ಚಿತ್ರಗಳಿಗಿಂತ ಸ್ಥಿರವಾಗಿ ಬಂದುವು. ಉದಯಪುರದ ಸೌರವೀಕ್ಷಣಾಲಯವನ್ನು ಫತೇಸಾಗರ ಕೆರೆಯ ನಡುಗಡ್ಡೆಯಲ್ಲಿ ಕಟ್ಟಿರುವುದರ ಮರ್ಮವೂ ಇದೇ. ನೀರಿನ ಮೇಲಣ ಗಾಳಿಯು ನೆಲದ ಮೇಲಿನದರಷ್ಟು ಕದಡುವುದಿಲ್ಲ.

ಇವೆಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದುದು ನಮ್ಮ ಕೈಯಿಂದಲೇ ಆಗುವ ದೋಷದ ವಿಷಯದಲ್ಲಿ. ಗಣಕದಲ್ಲಿ ಚಿತ್ರವನ್ನು ಅತಿಯಾಗಿ ಹರಿತಗೊಳಿಸಿದರೆ ಇಲ್ಲದ ಕಣಜಾಲವೂ, ಕಲೆಯ ಸುತ್ತ ಸುಳ್ಳು ಬೆಳಕಿನ ಬಳೆಯೂ ಹುಟ್ಟುತ್ತವೆ. ಮತ್ತೊಂದೆಡೆ, ಬಿಂಬದ ಅಂಚು ಮಧ್ಯಕ್ಕಿಂತ ಮಬ್ಬಾಗಿರುವುದನ್ನು ದೋಷವೆಂದು ತಿದ್ದುವವರಿದ್ದಾರೆ. ಅದು ಸೂರ್ಯನ ನಿಜಗುಣ. ಅಂಚಿನಲ್ಲಿ ನಮ್ಮ ದೃಷ್ಟಿಯು ಮೇಲಣ, ಹೆಚ್ಚು ತಣ್ಣನೆಯ ಪದರಗಳನ್ನಷ್ಟೇ ಮುಟ್ಟುವುದರಿಂದ ಹಾಗೆ ತೋರುತ್ತದೆ. ಪಾಠಾಂತರವನ್ನು ಗಮನಿಸದೆ ಮೂಲವನ್ನು ತಿದ್ದುವ ಸಂಪಾದಕನ ತಪ್ಪೂ, ಈ ತಪ್ಪೂ ಒಂದೇ.

ಆದಕಾರಣ ತಿದ್ದದ ಮೂಲಚಿತ್ರವನ್ನು ದಿನಾಂಕ, ವೇಳೆ, ಸ್ಥಳಗಳೊಡನೆ ಕಾಯ್ದಿಡಬೇಕು. ಸಂಶಯ ಬಂದಾಗ ಅದೇ ದಿನದ ಬೇರೆ ಚಿತ್ರದೊಡನೆ ಹೋಲಿಸಬೇಕು. ಕೊಡೈಕನಾಲಿನಲ್ಲಿ 1904ರಿಂದ ಸಂಗ್ರಹವಾಗುತ್ತ ಬಂದ ಸೂರ್ಯಚಿತ್ರಗಳಿಗೆ ಬೆಲೆ ಬಂದಿರುವುದು ಇಂಥ ಶಿಸ್ತಿನಿಂದಲೇ. ಒಂದೇ ಸಾಕ್ಷಿಯನ್ನು ನೆಚ್ಚಬಾರದೆಂಬ ಇತಿಹಾಸದ ನಿಯಮವು ಆಕಾಶಕ್ಕೂ ಸಲ್ಲುತ್ತದೆ.