ಜೇನುಬುಟ್ಟಿಗಳನ್ನು ಇರಿಸುತ್ತಿದ್ದ ಹಳೆಯ ಗೋಡೆಗೂಡುಗಳು: ಗುರುತಿಸುವಿಕೆ ಮತ್ತು ದಾಖಲೀಕರಣ

ಪೀಠಿಕೆ

ಕನ್ನಡದಲ್ಲಿ ‘ಗೂಡು’ ಎಂಬ ಪದಕ್ಕೆ ಜೇನು ನೆಲೆಸುವ ತಾಣವೆಂಬ ಅರ್ಥವೂ ಇದೆ, ದೀಪ ಮುಂತಾದವುಗಳನ್ನು ಇರಿಸಲು ಗೋಡೆಯಲ್ಲಿ ಬಿಟ್ಟ ಕುಳಿಯೆಂಬ ಅರ್ಥವೂ ಇದೆ. ಬ್ರಿಟನ್ ಮತ್ತು ಐರ್ಲೆಂಡ್‌ಗಳ ಹಳೆಯ ತೋಟದ ಗೋಡೆಗಳಲ್ಲಿ ಈ ಎರಡೂ ಅರ್ಥಗಳು ಒಂದೆಡೆ ಕೂಡುವ ರಚನೆಗಳು ಕಂಡುಬರುತ್ತವೆ. ಹುಲ್ಲಿನ ಜೇನುಬುಟ್ಟಿಗಳನ್ನು ಮಳೆ ಗಾಳಿಗಳಿಂದ ಕಾಪಾಡಲು ಗೋಡೆ ಕಟ್ಟುವಾಗಲೇ ಅದರಲ್ಲಿ ಬಿಡಲಾಗುತ್ತಿದ್ದ ಈ ಗೂಡುಗಳಿಗೆ ಅಲ್ಲಿ ‘ಬೀ ಬೋಲ್’ ಎಂದು ಹೆಸರು. ‘ಬೋಲ್’ ಎಂಬುದು ಗೋಡೆಯ ಕುಳಿಯನ್ನು ಸೂಚಿಸುವ ಸ್ಕಾಟ್ಲೆಂಡಿನ ಪದವಾಗಿದೆ.

ಇಂದು ಈ ಗೂಡುಗಳು ಬರಿದಾಗಿವೆ. ಅವುಗಳಲ್ಲಿದ್ದ ಹುಲ್ಲಿನ ಬುಟ್ಟಿಗಳು ಎಂದೋ ಮಣ್ಣುಗೂಡಿವೆ. ಆದುದರಿಂದ, ಒಂದು ಮನೆಯಲ್ಲಿ ಹಿಂದೆ ಜೇನು ಸಾಕಲಾಗುತ್ತಿತ್ತು ಎಂಬುದಕ್ಕೆ ಅನೇಕ ಕಡೆಗಳಲ್ಲಿ ಗೋಡೆಯೊಂದೇ ಸಾಕ್ಷಿ. ಅದರ ಬಳಕೆಯನ್ನು ಅರಿಯದ ಮಾಲೀಕರು ದುರಸ್ತಿಯ ಸಮಯದಲ್ಲಿ ಗೂಡನ್ನು ಇಟ್ಟಿಗೆಯಿಂದ ಮುಚ್ಚಿಸಿದರೆ ಅಥವಾ ಗೋಡೆಯನ್ನೇ ಕೆಡವಿಸಿದರೆ ಆ ಸಾಕ್ಷಿಯು ಮರಳಿ ದೊರೆಯುವುದಿಲ್ಲ. ಈ ಗೂಡುಗಳನ್ನು ಗುರುತಿಸುವ ಹಾಗೂ ದಾಖಲಿಸುವ ಕ್ರಮವನ್ನು, ಮತ್ತು ಇಂಗ್ಲೆಂಡಿನಲ್ಲಿ ಇಂತಹ ಗೋಡೆಗಳಿಗೆ ಅನ್ವಯಿಸುವ ಅನುಮತಿಯ ನಿಯಮಗಳನ್ನು ಇಲ್ಲಿ ವಿವರಿಸಲಾಗಿದೆ. ಆ ದೇಶದಲ್ಲಿ ನೆಲೆಸಿ ಹಳೆಯ ಮನೆಯನ್ನು ಹೊಂದಿರುವ ಕನ್ನಡಿಗರಿಗೂ ಪರಂಪರೆಯ ದಾಖಲೀಕರಣದಲ್ಲಿ ಆಸಕ್ತಿಯುಳ್ಳವರಿಗೂ ಈ ಮಾಹಿತಿಯು ಉಪಯುಕ್ತವಾಗಿರುತ್ತದೆ.

ಗೋಡೆಗೂಡುಗಳ ಅಗತ್ಯ

ಮರದ ಜೇನುಪೆಟ್ಟಿಗೆಗಳು ಬಳಕೆಗೆ ಬರುವ ಮೊದಲು ಬ್ರಿಟನ್ನಿನಲ್ಲಿ ಜೇನನ್ನು ‘ಸ್ಕೆಪ್’ ಎಂಬ ಬುಟ್ಟಿಗಳಲ್ಲಿ ಸಾಕಲಾಗುತ್ತಿತ್ತು. ಹುಲ್ಲನ್ನು ಹಗ್ಗದಂತೆ ಹೊಸೆದು, ಸುರುಳಿಯಾಗಿ ಸುತ್ತಿ, ಸುತ್ತುಗಳನ್ನು ಒಂದಕ್ಕೊಂದು ಹೊಲಿದು ಈ ಬುಟ್ಟಿಯನ್ನು ಸಿದ್ಧಪಡಿಸಲಾಗುತ್ತಿತ್ತು. ಅದನ್ನು ಬೋರಲಾಗಿ ಕಲ್ಲಿನ ಅಥವಾ ಮರದ ಪೀಠದ ಮೇಲೆ ಇರಿಸಲಾಗುತ್ತಿತ್ತು. ಹುಲ್ಲಿನ ಬುಟ್ಟಿಯು ಹಗುರವೂ ಬೆಚ್ಚಗೂ ಇರುತ್ತದೆ. ಆದರೆ ಸತತವಾಗಿ ಮಳೆಗೆ ಸಿಲುಕಿದರೆ ಅದು ನೆನೆದು ಕೊಳೆಯುತ್ತದೆ. ಬಿರುಗಾಳಿಗೆ ಉರುಳಿ ಬೀಳುತ್ತದೆ. ಬಯಲಿನಲ್ಲಿ ಇರಿಸಿದ ಬುಟ್ಟಿಗಳಿಗೆ ಹುಲ್ಲಿನ ಟೊಪ್ಪಿಗೆಯನ್ನು ಹೊದಿಸುವ ಪದ್ಧತಿಯಿತ್ತು. ಕಲ್ಲು ಅಥವಾ ಇಟ್ಟಿಗೆಯ ಗೋಡೆಯಲ್ಲಿ ಬಿಟ್ಟ ಗೂಡು ಇದಕ್ಕಿಂತ ಶಾಶ್ವತವಾದ ಆಸರೆಯಾಗಿತ್ತು.

ಬುಟ್ಟಿಯೊಳಗಿನ ಎರಿಗಳು ಅದರ ಒಳಮೈಗೆ ಅಂಟಿಕೊಂಡಿರುತ್ತಿದ್ದುದರಿಂದ, ಜೇನುಕುಟುಂಬಕ್ಕೆ ಹಾನಿಯಾಗದಂತೆ ತುಪ್ಪವನ್ನು ತೆಗೆಯುವುದು ಕಷ್ಟವಾಗಿತ್ತು. ಶರತ್ಕಾಲದಲ್ಲಿ ಕೆಲವು ಬುಟ್ಟಿಗಳನ್ನು ಆರಿಸಿ, ಗಂಧಕದ ಹೊಗೆಯಿಂದ ನೊಣಗಳನ್ನು ಕೊಂದು ತುಪ್ಪವನ್ನೂ ಮೇಣವನ್ನೂ ಪಡೆಯುವುದು ವ್ಯಾಪಕವಾದ ರೂಢಿಯಾಗಿತ್ತು. ಉಳಿಸಿಕೊಂಡ ಕೆಲವೇ ಬುಟ್ಟಿಗಳು ಚಳಿಗಾಲವನ್ನು ಕಳೆದು ಬದುಕಿದರೆ ಮಾತ್ರ ಮುಂದಿನ ವರ್ಷಕ್ಕೆ ಹಿಂಡುಗಳು ದೊರೆಯುತ್ತಿದ್ದವು. ಆದುದರಿಂದ ಗೋಡೆಯ ಗೂಡು ಕೇವಲ ಅಲಂಕಾರವಾಗಿರಲಿಲ್ಲ. ಅದು ಮನೆತನದ ಜೇನುಬೀಜವನ್ನು ಕಾಯುವ ಸ್ಥಳವಾಗಿತ್ತು.

ಅಮೆರಿಕೆಯ ಲ್ಯಾಂಗ್‌ಸ್ಟ್ರಾತ್ ಅವರು 1851ರಲ್ಲಿ ಜೇನುನೊಣಗಳು ಎರಿಗಳ ನಡುವೆ ಬಿಡುವ ಅಂತರದ ಮಹತ್ವವನ್ನು ಅರಿತು, 1852ರಲ್ಲಿ ಚೌಕಟ್ಟುಗಳನ್ನು ಹೊರತೆಗೆಯಬಹುದಾದ ಪೆಟ್ಟಿಗೆಗೆ ಹಕ್ಕುಸ್ವಾಮ್ಯ ಪಡೆದರು. ಈ ಬಗೆಯ ಪೆಟ್ಟಿಗೆಗಳು 19ನೆಯ ಶತಮಾನದ ಉತ್ತರಾರ್ಧದಲ್ಲಿ ಬ್ರಿಟನ್ನಿನಲ್ಲೂ ಹರಡಿದವು. ಹೊಸ ಪೆಟ್ಟಿಗೆಗಳು ಗೋಡೆಯ ಗೂಡಿನಲ್ಲಿ ಹಿಡಿಸುವಂತಿರಲಿಲ್ಲ. ಮರದ ಪೆಟ್ಟಿಗೆಗೆ ಅಂತಹ ಆಸರೆಯ ಅಗತ್ಯವೂ ಇರಲಿಲ್ಲ. ಹೀಗಾಗಿ ಗೂಡುಗಳು ಕ್ರಮೇಣ ಬಳಕೆ ತಪ್ಪಿದವು. ಹೂಕುಂಡಗಳನ್ನೂ ತೋಟದ ಸಲಕರಣೆಗಳನ್ನೂ ಇರಿಸುವ ಸ್ಥಳಗಳಾದ ಮೇಲೆ ಅವುಗಳ ಮೂಲ ಬಳಕೆಯು ಅನೇಕ ಕುಟುಂಬಗಳಲ್ಲಿ ಮರೆತುಹೋಯಿತು.

ದಾಖಲಾತಿಯ ಆರಂಭ

ಈ ರಚನೆಗಳನ್ನು ಕ್ರಮಬದ್ಧವಾಗಿ ಪಟ್ಟಿ ಮಾಡುವ ಕಾರ್ಯವನ್ನು 1952ರಲ್ಲಿ ಬ್ರಿಟನ್ನಿನ ಜೇನು ಸಂಶೋಧನಾ ಸಂಘವು ಆರಂಭಿಸಿತು. 1949ರಲ್ಲಿ ಸ್ಥಾಪನೆಯಾದ ಈ ಸಂಘವೇ ಮುಂದೆ ಅಂತರರಾಷ್ಟ್ರೀಯ ಜೇನು ಸಂಶೋಧನಾ ಸಂಘವಾಯಿತು. ಅದರ ಸ್ಥಾಪಕ ನಿರ್ದೇಶಕಿ ಈವಾ ಕ್ರೇನ್ (1912–2007) ಅವರು ಭೌತವಿಜ್ಞಾನದಲ್ಲಿ ತರಬೇತಿ ಪಡೆದವರು. 1942ರಲ್ಲಿ ವಿವಾಹದ ಉಡುಗೊರೆಯಾಗಿ ದೊರೆತ ಜೇನುಹಿಂಡೊಂದು ಅವರನ್ನು ಈ ಕ್ಷೇತ್ರಕ್ಕೆ ಕರೆತಂದಿತು. 1983ರಲ್ಲಿ ಪ್ರಕಟವಾದ ಅವರ ‘ದಿ ಆರ್ಕಿಯಾಲಜಿ ಆಫ್ ಬೀಕೀಪಿಂಗ್’ ಎಂಬ ಗ್ರಂಥದಲ್ಲಿ ಗೋಡೆಗೂಡುಗಳ ವಿವರಗಳಿವೆ. ದಾಖಲಾತಿಯನ್ನು ಮುಂದುವರಿಸುವಲ್ಲಿ ಪೆನೆಲೊಪಿ ವಾಕರ್ ಅವರ ಪಾತ್ರವು ಪ್ರಮುಖವಾದುದು.

ಸದರಿ ದಾಖಲಾತಿಯಲ್ಲಿ ಸಾವಿರಕ್ಕೂ ಹೆಚ್ಚು ಸ್ಥಳಗಳು ಸೇರಿವೆ. ಇವುಗಳಲ್ಲಿ ಹೆಚ್ಚಿನವು ಸರ್ಕಾರಿ ಸಮೀಕ್ಷೆಯಿಂದ ಬೆಳಕಿಗೆ ಬಂದವುಗಳಲ್ಲ. ಮನೆಯ ಮಾಲೀಕರು, ಜೇನು ಸಾಕುವವರು ಹಾಗೂ ಸ್ಥಳೀಯ ಇತಿಹಾಸದ ಆಸಕ್ತರು ತಾವು ಕಂಡ ಗೋಡೆಯ ಅಳತೆಯನ್ನೂ ಛಾಯಾಚಿತ್ರವನ್ನೂ ಕಳುಹಿಸಿದ್ದರಿಂದ ಪಟ್ಟಿಯು ಬೆಳೆದಿದೆ. ವಾರಿಕ್‌ಷೈರ್‌ನ ಪ್ಯಾಕ್‌ವುಡ್ ಹೌಸ್‌ನ ತೋಟದ ಇಟ್ಟಿಗೆ ಗೋಡೆಯಲ್ಲಿರುವ 30 ಗೂಡುಗಳಂತಹ ದೊಡ್ಡ ಸಮೂಹಗಳು ಪ್ರಸಿದ್ಧವಾಗಿವೆ. ಆದರೆ ಇಂತಹವು ವಿರಳ. ಸಾಮಾನ್ಯ ರೈತರ ಮನೆಗಳ ಹಿತ್ತಿಲಿನಲ್ಲಿ ಮೂರು ನಾಲ್ಕು ಗೂಡುಗಳಷ್ಟೇ ಇರುತ್ತವೆ. ಪ್ರವಾಸಿಗರ ಕಣ್ಣಿಗೆ ಬೀಳದ ಇಂತಹ ಸಣ್ಣ ಸಮೂಹಗಳೇ ಸುಲಭವಾಗಿ ಅಳಿಯುತ್ತವೆ.

ಗುರುತಿಸುವ ಲಕ್ಷಣಗಳು

ಗೋಡೆಯಲ್ಲಿ ಕಂಡ ಎಲ್ಲ ಕುಳಿಗಳೂ ಜೇನಿಗಾಗಿ ಕಟ್ಟಿದವುಗಳಲ್ಲ. ಈ ಕೆಳಗಿನ ಅಂಶಗಳನ್ನು ಒಟ್ಟಾಗಿ ಪರಿಶೀಲಿಸಿ ನಿರ್ಧರಿಸಬೇಕಾಗುತ್ತದೆ.

1. ದಿಕ್ಕು: ಗೂಡುಗಳು ಸಾಮಾನ್ಯವಾಗಿ ದಕ್ಷಿಣ, ಆಗ್ನೇಯ ಅಥವಾ ಪೂರ್ವಕ್ಕೆ ಮುಖ ಮಾಡಿರುತ್ತವೆ. ಬೆಳಗಿನ ಬಿಸಿಲು ಬುಟ್ಟಿಗೆ ತಾಗಬೇಕೆಂಬುದು ಇದರ ಉದ್ದೇಶ.

2. ಅಳತೆ: ಬುಟ್ಟಿಯೊಂದು ಸುಲಭವಾಗಿ ಹಿಡಿಸುವಷ್ಟು ಸ್ಥಳ ಇರಬೇಕು. ಅರ್ಧ ಮೀಟರಿನ ಆಸುಪಾಸಿನ ಎತ್ತರ ಮತ್ತು ಅಗಲ, ಅದಕ್ಕಿಂತ ತುಸು ಕಡಿಮೆ ಆಳ ಸಾಮಾನ್ಯ. ಎರಡು ಬುಟ್ಟಿಗಳಿಗೆಂದು ಕಟ್ಟಿದ ಅಗಲವಾದ ಗೂಡುಗಳೂ ಇವೆ.

3. ಸಂಖ್ಯೆ: ಒಂದೇ ಅಳತೆಯ ಹಲವು ಗೂಡುಗಳು ಸಾಲಾಗಿ ಇರುವುದು ಪ್ರಬಲವಾದ ಸೂಚನೆ.

4. ತಳ: ತಳವು ಸಮತಟ್ಟಾಗಿರುತ್ತದೆ. ಕೆಲವು ಕಡೆ ತಳದ ಕಲ್ಲು ಗೋಡೆಯಿಂದ ಹೊರಚಾಚಿದ್ದು, ಹಾರಿ ಬಂದ ನೊಣಗಳು ಇಳಿಯಲು ಅನುಕೂಲವಾಗಿರುತ್ತದೆ.

5. ಮೇಲ್ಭಾಗ: ಚಪ್ಪಟೆ ಕಲ್ಲಿನ ಹಾಸು, ಕಮಾನು ಅಥವಾ ತ್ರಿಕೋನಾಕಾರ ಇರಬಹುದು.

6. ಭದ್ರತೆಯ ಗುರುತು: ಕೆಲವು ಗೂಡುಗಳ ಅಂಚಿನಲ್ಲಿ ಕಬ್ಬಿಣದ ಸರಳಿಗಾಗಿ ಅಥವಾ ಬಾಗಿಲಿಗಾಗಿ ಕೊರೆದ ರಂಧ್ರಗಳಿವೆ. ಬುಟ್ಟಿಗಳ ಕಳವನ್ನು ತಡೆಯಲು ಸರಳನ್ನು ಅಳವಡಿಸಲಾಗುತ್ತಿತ್ತು.

7. ಸ್ಥಳ: ಗೋಡೆಯು ಮನೆಗೆ ಸಮೀಪದಲ್ಲಿರುತ್ತದೆ. ಹಿಂಡು ಹೊರಬೀಳುವ ಋತುವಿನಲ್ಲಿ ಮನೆಯವರು ಕಣ್ಣಿಡಬೇಕಾಗಿದ್ದುದೇ ಇದಕ್ಕೆ ಕಾರಣ.

ವಿಗ್ರಹಗಳಿಗಾಗಿ ಬಿಟ್ಟ ಗೂಡುಗಳು, ಪಾರಿವಾಳದ ಗೂಡುಗಳು, ಬಾತುಕೋಳಿಗಳ ನೆಲಮಟ್ಟದ ಗೂಡುಗಳು, ಹಣ್ಣಿನ ಗಿಡಗಳಿಗಾಗಿ ಗೋಡೆಯನ್ನು ಬಿಸಿ ಮಾಡುತ್ತಿದ್ದ ಒಲೆಯ ಬಾಯಿಗಳು ಮತ್ತು ಸಾರುವೆಯ ಮರಗಳಿಗಾಗಿ ಬಿಟ್ಟ ಸಣ್ಣ ರಂಧ್ರಗಳನ್ನು ಜೇನಿನ ಗೂಡುಗಳೆಂದು ತಪ್ಪಾಗಿ ತಿಳಿಯುವ ಸಾಧ್ಯತೆಯಿದೆ. ಒಳಭಾಗದಲ್ಲಿ ಮಸಿ ಇದ್ದರೆ, ಹಿಂಬದಿಯಲ್ಲಿ ಹೊಗೆಯ ಕೊಳವೆ ಇದ್ದರೆ ಅಥವಾ ಮುಖವು ಉತ್ತರಕ್ಕಿದ್ದರೆ ಮತ್ತೊಮ್ಮೆ ಪರಿಶೀಲಿಸುವುದು ಸೂಕ್ತ. ಸಂದೇಹವಿದ್ದಲ್ಲಿ ‘ಬಳಕೆ ಖಚಿತವಿಲ್ಲ’ ಎಂದೇ ಬರೆಯತಕ್ಕದ್ದು. ಊಹೆಯನ್ನು ನಿರ್ಣಯವೆಂದು ಬರೆದ ದಾಖಲೆಯು ಮುಂದಿನವರ ದಾರಿ ತಪ್ಪಿಸುತ್ತದೆ.

ದಾಖಲೆಯಲ್ಲಿ ಇರಬೇಕಾದ ವಿವರಗಳು

1. ಮಾಲೀಕರ ಅನುಮತಿ. ಖಾಸಗಿ ತೋಟವನ್ನು ಪ್ರವೇಶಿಸುವ ಮೊದಲು ಇದನ್ನು ಪಡೆಯುವುದು ಕಡ್ಡಾಯ.
2. ಸ್ಥಳದ ಹೆಸರು, ಗ್ರಾಮ, ಜಿಲ್ಲೆ ಮತ್ತು ನಕ್ಷೆಯಲ್ಲಿನ ಸ್ಥಾನ.
3. ಗೂಡುಗಳ ಸಂಖ್ಯೆ, ಸಾಲುಗಳು ಮತ್ತು ಅವುಗಳ ನಡುವಿನ ಅಂತರ.
4. ಪ್ರತಿಯೊಂದು ಗೂಡಿನ ಎತ್ತರ, ಅಗಲ, ಆಳ ಹಾಗೂ ನೆಲದಿಂದ ತಳದವರೆಗಿನ ಎತ್ತರ.
5. ದಿಕ್ಸೂಚಿಯಿಂದ ಅಳೆದ ದಿಕ್ಕು.
6. ಕಲ್ಲು, ಇಟ್ಟಿಗೆ, ಗಾರೆ ಮುಂತಾದ ಸಾಮಗ್ರಿಗಳು ಮತ್ತು ಮೇಲ್ಭಾಗದ ಆಕಾರ.
7. ಈಗಿನ ಸ್ಥಿತಿ: ಬಿರುಕು, ಬಳ್ಳಿಗಳ ಬೇರು, ಮುಚ್ಚಿದ ಗೂಡುಗಳು, ಇತ್ತೀಚಿನ ದುರಸ್ತಿ.
8. ಅಳತೆಪಟ್ಟಿಯನ್ನು ಪಕ್ಕದಲ್ಲಿರಿಸಿ ತೆಗೆದ ಛಾಯಾಚಿತ್ರಗಳು: ಇಡೀ ಗೋಡೆಯದು ಒಂದು, ಗೂಡಿನದು ಒಂದು.
9. ಕಾಲವನ್ನು ಸೂಚಿಸುವ ಆಧಾರಗಳು: ಮನೆಯ ಕಟ್ಟಡದ ವರ್ಷ, ಹಳೆಯ ನಕ್ಷೆಗಳು, ಲೆಕ್ಕಪತ್ರಗಳು, ಮಾರಾಟದ ಪ್ರಕಟಣೆಗಳು.
10. ಹಿರಿಯರಿಂದ ಕೇಳಿದ ಮಾಹಿತಿ. ಇದನ್ನು ಕೇಳಿದ ದಿನಾಂಕದೊಂದಿಗೆ ಪ್ರತ್ಯೇಕವಾಗಿ ಬರೆಯುವುದು.

ಕುಸಿದ ಅಥವಾ ಕೆಡವಲಾದ ಗೋಡೆಗಳ ಬಗ್ಗೆಯೂ ಹಳೆಯ ಛಾಯಾಚಿತ್ರವಿದ್ದಲ್ಲಿ ದಾಖಲೆ ಸಿದ್ಧಪಡಿಸಬಹುದಾಗಿದೆ. ಇಂಗ್ಲೆಂಡಿನಲ್ಲಿ ಇಂತಹ ಮಾಹಿತಿಯನ್ನು ಸ್ಥಳೀಯ ಆಡಳಿತಗಳು ನಿರ್ವಹಿಸುವ ಐತಿಹಾಸಿಕ ಪರಿಸರ ದಾಖಲೆಗಳಿಗೂ ಸಲ್ಲಿಸಬಹುದು. ಗೋಡೆಗೆ ಸಂಬಂಧಿಸಿದ ಕಾಮಗಾರಿಯ ಅರ್ಜಿ ಬಂದಾಗ ಯೋಜನಾ ಅಧಿಕಾರಿಗಳು ಈ ದಾಖಲೆಗಳನ್ನು ಪರಿಶೀಲಿಸುವುದರಿಂದ, ಅಲ್ಲಿ ಸೇರಿದ ಒಂದು ಪುಟವು ಒಂದು ಗೋಡೆಯನ್ನು ಉಳಿಸಬಲ್ಲದು.

ಕಾನೂನಿನ ರಕ್ಷಣೆ ಮತ್ತು ಅನುಮತಿ

ದಾಖಲಾತಿಯಲ್ಲಿ ಹೆಸರು ಸೇರಿದ ಮಾತ್ರಕ್ಕೆ ಗೋಡೆಗೆ ಕಾನೂನಿನ ರಕ್ಷಣೆ ದೊರೆಯುವುದಿಲ್ಲ ಎಂಬುದನ್ನು ಗಮನಿಸುವುದು. ಇಂಗ್ಲೆಂಡಿನಲ್ಲಿ ರಕ್ಷಣೆಯು 1990ರ ಯೋಜನಾ (ಪಟ್ಟೀಕೃತ ಕಟ್ಟಡಗಳು ಮತ್ತು ಸಂರಕ್ಷಣಾ ಪ್ರದೇಶಗಳು) ಅಧಿನಿಯಮದ ಮೇರೆಗೆ ದೊರೆಯುತ್ತದೆ. ಕೆಲವು ಗೋಡೆಗಳು ಸ್ವತಂತ್ರವಾಗಿ ರಾಷ್ಟ್ರೀಯ ಪರಂಪರಾ ಪಟ್ಟಿಯಲ್ಲಿ ಸೇರಿವೆ. ಮನೆಯು ಪಟ್ಟಿಯಲ್ಲಿದ್ದು, ಅದರ ಆವರಣಕ್ಕೆ ಸೇರಿದ ಗೋಡೆಯು 1948ರ ಜುಲೈ 1ಕ್ಕಿಂತ ಮೊದಲೇ ಕಟ್ಟಲ್ಪಟ್ಟಿದ್ದರೆ, ಗೋಡೆಯ ಹೆಸರು ಪಟ್ಟಿಯಲ್ಲಿ ಇಲ್ಲದಿದ್ದರೂ ಅದು ಸಾಮಾನ್ಯವಾಗಿ ಮನೆಯ ಭಾಗವೆಂದೇ ಪರಿಗಣಿತವಾಗುತ್ತದೆ.

ಇಂತಹ ಗೋಡೆಯನ್ನು ಕೆಡವಲು, ಅಥವಾ ಅದರ ಸ್ವರೂಪಕ್ಕೆ ಬಾಧೆಯಾಗುವಂತೆ ಗೂಡುಗಳನ್ನು ಮುಚ್ಚಲು ಇಲ್ಲವೇ ಬದಲಾಯಿಸಲು ಸ್ಥಳೀಯ ಯೋಜನಾ ಪ್ರಾಧಿಕಾರದಿಂದ ಪೂರ್ವಾನುಮತಿ ಪಡೆಯತಕ್ಕದ್ದು. ಈ ಅರ್ಜಿಗೆ ಶುಲ್ಕವಿರುವುದಿಲ್ಲ. ಅನುಮತಿಯಿಲ್ಲದೆ ಕೆಲಸ ಕೈಗೊಳ್ಳುವುದು ಶಿಕ್ಷಾರ್ಹ ಅಪರಾಧವಾಗಿರುತ್ತದೆ. ಸ್ಕಾಟ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಪ್ರತ್ಯೇಕ ಕಾನೂನುಗಳು ಅನ್ವಯಿಸುತ್ತವೆ.

ಪಟ್ಟಿಯಲ್ಲಿಲ್ಲದ ರಚನೆಯನ್ನು ಪಟ್ಟಿಗೆ ಸೇರಿಸಲು ಯಾರು ಬೇಕಾದರೂ ಹಿಸ್ಟಾರಿಕ್ ಇಂಗ್ಲೆಂಡ್ ಸಂಸ್ಥೆಗೆ ಅರ್ಜಿ ಸಲ್ಲಿಸಬಹುದು. ಅರ್ಜಿದಾರರು ಮಾಲೀಕರೇ ಆಗಿರಬೇಕೆಂಬ ನಿಯಮವಿಲ್ಲ. ಅಳತೆ, ಛಾಯಾಚಿತ್ರ ಹಾಗೂ ಕಾಲದ ಆಧಾರಗಳನ್ನು ಒಳಗೊಂಡ ದಾಖಲೆಯು ಈಗಾಗಲೇ ಸಿದ್ಧವಿದ್ದರೆ ಅರ್ಜಿಗೆ ಬಲ ಬರುತ್ತದೆ.

ಹಳೆಯ ಗೋಡೆಗಳ ದುರಸ್ತಿಯಲ್ಲಿ ಮೂಲದಂತೆಯೇ ಸುಣ್ಣದ ಗಾರೆಯನ್ನು ಬಳಸುವುದು ಸೂಕ್ತ. ಸಿಮೆಂಟಿನ ಗಾರೆಯು ಗೋಡೆಯ ತೇವವು ಹೊರಹೋಗದಂತೆ ತಡೆಯುವುದರಿಂದ ಮೆದು ಕಲ್ಲು ಮತ್ತು ಹಳೆಯ ಇಟ್ಟಿಗೆಗಳು ಹಿಮ ಬೀಳುವ ಋತುವಿನಲ್ಲಿ ಒಡೆದು ಉದುರುತ್ತವೆ.

ಭಾರತದಲ್ಲಿ ಗೋಡೆಯ ಜೇನು

ಗೋಡೆಗೂ ಜೇನಿಗೂ ಇರುವ ನಂಟು ಭಾರತದಲ್ಲಿ ಬೇರೊಂದು ರೂಪದಲ್ಲಿದೆ. ಕಾಶ್ಮೀರ, ಹಿಮಾಚಲ ಪ್ರದೇಶ ಮತ್ತು ಉತ್ತರಾಖಂಡಗಳ ಹಳೆಯ ಮನೆಗಳಲ್ಲಿ ಬುಟ್ಟಿಯನ್ನು ಗೋಡೆಯಲ್ಲಿ ಇರಿಸುವುದಿಲ್ಲ. ಗೋಡೆಯೇ ಜೇನಿನ ಮನೆಯಾಗಿರುತ್ತದೆ. ನೊಣಗಳು ಹೊರಗಿನ ಸಣ್ಣ ರಂಧ್ರದಿಂದ ಪ್ರವೇಶಿಸುತ್ತವೆ. ಮನೆಯವರು ಒಳಗಿನ ಮುಚ್ಚಳವನ್ನು ತೆರೆದು ತುಪ್ಪ ತೆಗೆಯುತ್ತಾರೆ. 1820ರ ದಶಕದ ಆರಂಭದಲ್ಲಿ ಕಾಶ್ಮೀರಕ್ಕೆ ಭೇಟಿ ನೀಡಿದ ವಿಲಿಯಂ ಮೂರ್‌ಕ್ರಾಫ್ಟ್ ಅವರ, 1841ರಲ್ಲಿ ಪ್ರಕಟವಾದ ಪ್ರವಾಸಗ್ರಂಥದಲ್ಲಿ ಈ ಕ್ರಮದ ವಿವರಣೆಯಿದೆ. ನೊಣಗಳನ್ನು ಕೊಲ್ಲದೆ, ಹುಲ್ಲಿನ ಹೊಗೆಯಿಂದ ಹಿಂದೆ ಸರಿಸಿ ಎರಿಗಳನ್ನು ಪಡೆಯುವ ವಿಧಾನವನ್ನು ಅದರಲ್ಲಿ ದಾಖಲಿಸಲಾಗಿದೆ.

ಕರ್ನಾಟಕದಲ್ಲಿ ತುಡುವೆ ಜೇನನ್ನು ಮಡಕೆ ಹಾಗೂ ಮರದ ಪೊಟರೆಗಳಲ್ಲಿ, ಬಳಿಕ ಪೆಟ್ಟಿಗೆಗಳಲ್ಲಿ ಸಾಕುತ್ತ ಬರಲಾಗಿದೆ. ಇಲ್ಲಿನ ಹಳೆಯ ಮನೆಗಳ ಗೋಡೆಗೂಡುಗಳು ಸಾಮಾನ್ಯವಾಗಿ ದೀಪಕ್ಕಾಗಿ ಮತ್ತು ಮನೆಬಳಕೆಯ ವಸ್ತುಗಳಿಗಾಗಿ ಬಿಟ್ಟವು. ಅವುಗಳನ್ನು ಬೀ ಬೋಲ್‌ಗಳೊಂದಿಗೆ ಹೋಲಿಸಬಾರದು. ಆದರೆ ಮನೆ ಕೆಡವುವ ಮೊದಲು ಅಳತೆ, ದಿಕ್ಕು, ಛಾಯಾಚಿತ್ರ ಮತ್ತು ಹಿರಿಯರ ಮಾತನ್ನು ಬರೆದಿಡುವ ಕ್ರಮವು ಅವುಗಳಿಗೂ ಸಮಾನವಾಗಿ ಉಪಯೋಗವಾಗುತ್ತದೆ.

ಸಾರಾಂಶ

ಗೋಡೆಯನ್ನು ಎಲ್ಲ ಕಾಲಕ್ಕೂ ಉಳಿಸಿಕೊಳ್ಳುವುದು ಎಲ್ಲರಿಗೂ ಸಾಧ್ಯವಾಗದಿರಬಹುದು. ಅಳತೆಪಟ್ಟಿ, ದಿಕ್ಸೂಚಿ ಮತ್ತು ಛಾಯಾಚಿತ್ರ ಯಂತ್ರಗಳಿದ್ದರೆ ಅದನ್ನು ದಾಖಲಿಸಲು ಒಂದು ಮಧ್ಯಾಹ್ನ ಸಾಕು. ಹಳೆಯ ಗೋಡೆಯಲ್ಲಿ ಒಂದೇ ಅಳತೆಯ ಗೂಡುಗಳ ಸಾಲು ಕಂಡುಬಂದಲ್ಲಿ, ದುರಸ್ತಿಯ ಕೆಲಸವನ್ನು ಆರಂಭಿಸುವ ಮೊದಲೇ ಅವುಗಳ ವಿವರಗಳನ್ನು ಬರೆದಿಡುವುದು ಹಾಗೂ ಅನುಮತಿಯ ಅಗತ್ಯವನ್ನು ಸ್ಥಳೀಯ ಪ್ರಾಧಿಕಾರದಲ್ಲಿ ವಿಚಾರಿಸುವುದು ಪ್ರತಿಯೊಬ್ಬ ಮಾಲೀಕರಿಗೂ ಹಿತಕರ.