ಹಳೆಯ ಪಿಕಪ್ ಟ್ರಕ್ಕಿನ ಹಿಂದಣ ಅಚ್ಚು

ಸಂಸ್ಕೃತದಲ್ಲಿ ಅಕ್ಷವೆಂಬ ಶಬ್ದಕ್ಕೆ ಹಲವು ಅರ್ಥಗಳುಂಟು. ಜೂಜಿನ ದಾಳವೂ ಅಕ್ಷವೇ. ರಥದ ಎರಡು ಚಕ್ರಗಳನ್ನು ಕೂಡಿಸುವ ಅಚ್ಚೂ ಅಕ್ಷವೇ. ಹೆಸರನ್ನು ಕೇಳಿದ ಮಾತ್ರಕ್ಕೆ ವಸ್ತುವು ಯಾವುದೆಂದು ನಿಶ್ಚಯಿಸಲಾಗದೆಂಬ ಪಾಠವನ್ನು ನಾವು ಮೂವತ್ತು ವರ್ಷಗಳಿಗೂ ಮಿಕ್ಕು ಮಕ್ಕಳಿಗೆ ಹೇಳಿದೆವು. ಅದೇ ಪಾಠವನ್ನು ಒಂದು ಮೋಟಾರು ಬಂಡಿಯ ಕೆಳಗೆ ಮಲಗಿ ನಾವೇ ಮರಳಿ ಓದಬೇಕಾದೀತೆಂದು ಎಣಿಸಿರಲಿಲ್ಲ.

ನಮ್ಮ ಮಗನು ಅಮೆರಿಕದ ಓಹಾಯೊ ಸಂಸ್ಥಾನದಲ್ಲಿ ನೆಲಸಿರುವನು. ಕಳೆದ ಬೇಸಗೆಯಲ್ಲಿ ನಾವೂ ನಮ್ಮ ಮನೆಯವರೂ ಅಲ್ಲಿಗೆ ಹೋಗಿದ್ದೆವು. ಅವನು 1956ನೆಯ ಇಸವಿಯ ಫೋರ್ಡ್ ಎಫ್-100 ಎಂಬ ಪಿಕಪ್ ಟ್ರಕ್ಕೊಂದನ್ನು ಕೊಂಡು, ರಜೆಯ ದಿನಗಳಲ್ಲಿ ಅದನ್ನು ರಿಪೇರಿ ಮಾಡುತ್ತ ಬಂದಿದ್ದನು. ಮುಂದೆ ಕುಳಿತುಕೊಳ್ಳಲು ಕೋಣೆ, ಹಿಂದೆ ಸರಕು ಹೇರಲು ತೆರೆದ ತೊಟ್ಟಿ. ಮೊಮ್ಮಕ್ಕಳಿಗಂತೂ ಅದೇ ಪುಷ್ಪಕವಿಮಾನ. ಆದರೆ ಬಂಡಿಯು ಓಡುವಾಗ ಹಿಂದಣ ಎಡಚಕ್ರದಿಂದ ಗುಂಯ್‌ಗುಡುವ ಸದ್ದೊಂದು ಹೊರಡುತ್ತಿತ್ತು. ಬೇರಿಂಗು ಸವೆದಿರಬೇಕೆಂದು ಬಗೆದು, ಆ ವರ್ಷದ ಬಂಡಿಗೆ ಇದೇ ಹೊಂದುವುದೆಂದು ಬಿಡಿಭಾಗಗಳ ಪಟ್ಟಿಯಲ್ಲಿದ್ದುದನ್ನು ಅವನು ತರಿಸಿದನು. ಅದು ಕೂರಲಿಲ್ಲ. ಹಿಂದಣ ಅಚ್ಚು ಯಾವುದೆಂದು ಗೊತ್ತಾಗುವ ತನಕ ಮಕ್ಕಳು ಬಂಡಿಯನ್ನು ಹತ್ತಕೂಡದೆಂದು ಸೊಸೆಯು ಕಟ್ಟಪ್ಪಣೆ ಮಾಡಿದಳು. ನಮಗೂ ಅದೇ ನ್ಯಾಯವೆಂದು ತೋರಿತು.

ಈ ಅಚ್ಚಿನ ಕೆಲಸವೇನೆಂಬುದನ್ನು ಮೊದಲು ಅರಿಯಬೇಕು. ಎಂಜಿನಿನ ಸುತ್ತು ಒಂದು ಉದ್ದವಾದ ದಂಡದ ಮೂಲಕ ಹಿಂದಕ್ಕೆ ಬರುವುದು. ಅಚ್ಚಿನ ನಡುವಣ ಉಬ್ಬಿನೊಳಗೆ ಪಿನಿಯನ್ ಎಂಬ ಚಿಕ್ಕ ಹಲ್ಲುಗಾಲಿಯು ಕಿರೀಟಚಕ್ರವೆಂಬ ದೊಡ್ಡ ಗಾಲಿಯನ್ನು ತಿರುಗಿಸುವುದು. ಹೀಗೆ ಸುತ್ತಿನ ದಿಕ್ಕು ಬದಲಾಗಿ, ವೇಗವು ತಗ್ಗಿ, ಬಲವು ಹೆಚ್ಚುವುದು. ಚಕ್ರವು ಒಂದು ಸುತ್ತು ಬರಲು ದಂಡವು ಎಷ್ಟು ಸುತ್ತಬೇಕೋ ಅದೇ ಅಚ್ಚಿನ ಪ್ರಮಾಣ.

ಅರುವತ್ತು ಎಪ್ಪತ್ತು ವರ್ಷ ದುಡಿದ ಬಂಡಿಯಲ್ಲಿ ಹುಟ್ಟಿದಂದಿನ ಅಚ್ಚೇ ಉಳಿದಿರುವುದೆಂದು ನಂಬುವಂತಿಲ್ಲ. ಒಂದು ಮುರಿದರೆ ರೈತನು ಮತ್ತೊಂದು ಬಂಡಿಯದನ್ನು ತಂದು ಕೂರಿಸುವನು. 1956ರ ಎಫ್-100ಕ್ಕೆ ಇದ್ದುದು ಡೇನಾ ಕಂಪನಿಯ 44 ಎಂಬ ಅಚ್ಚು. 1957ರಿಂದ ಫೋರ್ಡ್‌ನವರು ತಮ್ಮದೇ ಆದ ಒಂಬತ್ತಂಗುಲದ ಅಚ್ಚನ್ನು ಬಳಕೆಗೆ ತಂದರು. ಕಿರೀಟಚಕ್ರದ ಅಡ್ಡಳತೆಯಿಂದ ಅದಕ್ಕೆ ಆ ಹೆಸರು ಬಂದಿತು. ಎರಡರಲ್ಲಿಯೂ ಚಕ್ರವನ್ನು ಹಿಡಿಯುವ ಬೋಲ್ಟುಗಳು ಐದೇ, ಅವುಗಳ ವೃತ್ತದ ಅಡ್ಡಳತೆಯೂ ಐದೂವರೆ ಅಂಗುಲವೇ. ಆದುದರಿಂದ ಹೊರಗೆ ನಿಂತು ಚಕ್ರವನ್ನು ನೋಡಿದವನಿಗೆ ಭೇದವು ತಿಳಿಯದು. ಅದೇ ಕಾಲದ ಅರ್ಧ ಟನ್ನಿನ ಷೆವ್ರೊಲೆ ಟ್ರಕ್ಕಾದರೋ ಆರು ಬೋಲ್ಟುಗಳಿಂದಲೇ ತನ್ನ ಗುರುತು ಹೇಳಿಬಿಡುವುದು.

ನೈಯಾಯಿಕರು ಹೇಳುವ ಪ್ರಮಾಣಗಳಲ್ಲಿ ಮೂರು ಇಲ್ಲಿ ನಮಗೆ ಒದಗಿದುವು. ಮೊದಲನೆಯದು ಪ್ರತ್ಯಕ್ಷ. ಡೇನಾ 44ರ ಹಿಂಬದಿಯಲ್ಲಿ ಹತ್ತು ಬೋಲ್ಟುಗಳಿಂದ ಬಿಗಿದ ಮುಚ್ಚಳವಿರುವುದು. ಅದನ್ನು ತೆಗೆದರೆ ಕಿರೀಟಚಕ್ರವು ಕಾಣುವುದು. ಎರಕದ ಮೈಮೇಲೆ ಸಾಮಾನ್ಯವಾಗಿ 44 ಎಂಬ ಅಂಕೆಯೂ ಉಬ್ಬಿರುವುದು. ಒಂಬತ್ತಂಗುಲದ ಅಚ್ಚಿಗೆ ಹಿಂದೆ ತೆಗೆಯುವ ಮುಚ್ಚಳವೇ ಇಲ್ಲ. ಬೆನ್ನು ಬೋಗುಣಿಯ ತಳದಂತೆ ದುಂಡಗಿದ್ದು, ಹಲ್ಲುಗಾಲಿಗಳ ಗುಂಪೆಲ್ಲವೂ ಮುಂದಣಿಂದ ಒಂದೇ ಗಂಟಾಗಿ ಹೊರಬರುವುದು. ನಾವು ದೀಪ ಹಿಡಿದು ನೋಡಿದೆವು. ಬೆನ್ನು ದುಂಡಗಿತ್ತು. ತರಿಸಿದ ಬೇರಿಂಗು ಏಕೆ ಹೊಂದಲಿಲ್ಲವೆಂಬುದು ಆಗ ತಿಳಿಯಿತು.

ಎರಡನೆಯದು ಶಬ್ದ. ಮುಂದಣ ಬೋಲ್ಟೊಂದಕ್ಕೆ ಸಿಕ್ಕಿಸಿದ ಪುಟ್ಟ ತಗಡಿನ ಚೀಟಿಯ ಮೇಲಿನ ಮಣ್ಣನ್ನೂ ಎಣ್ಣೆಯನ್ನೂ ಒರಸಿದಾಗ 3.70 ಎಂಬ ಅಂಕೆ ಕಂಡಿತು. ಮಗನು ಹಿಗ್ಗಿದನು. ನಾವು ಮಾತ್ರ, ಆಪ್ತನ ಮಾತೇ ಪ್ರಮಾಣವಲ್ಲದೆ ಬರೆದುದೆಲ್ಲವೂ ಪ್ರಮಾಣವಲ್ಲವೆಂದು ತಡೆದೆವು. ಅಚ್ಚನ್ನೇ ಬದಲಿಸಿದವನು ಒಳಗಿನ ಗಾಲಿಗಳನ್ನು ಬದಲಿಸಿ ಚೀಟಿಯನ್ನು ಹಾಗೆಯೇ ಬಿಟ್ಟಿರಲಾರನೇ?

ಮೂರನೆಯದು ಅನುಮಾನ. ಮುಂದಣ ಚಕ್ರಗಳಿಗೆ ಅಡ್ಡಗಟ್ಟೆ ಕೊಟ್ಟು, ಹಿಂಭಾಗವನ್ನೆತ್ತಿ ಭದ್ರವಾದ ಕಬ್ಬಿಣದ ಕಾಲುಗಳ ಮೇಲೆ ನಿಲ್ಲಿಸಿದೆವು. ಜಾಕಿಯೊಂದನ್ನೇ ನಂಬಿ ಬಂಡಿಯ ಕೆಳಗೆ ಯಾರೂ ತೂರತಕ್ಕದ್ದಲ್ಲ. ಗೇರನ್ನೂ ಕೈಬ್ರೇಕನ್ನೂ ಬಿಡಿಸಿ, ಮಗನು ಬಲಚಕ್ರವನ್ನು ಅಲುಗದಂತೆ ಹಿಡಿದನು. ಮೊಮ್ಮಗನು ಎಡಚಕ್ರಕ್ಕೆ ಸುಣ್ಣದ ಕಡ್ಡಿಯಿಂದ ಗೆರೆಯೆಳೆದು ತಿರುಗಿಸಿದನು. ಒಂದು ಚಕ್ರವನ್ನು ತಡೆದಾಗ ಇನ್ನೊಂದರ ಎರಡು ಸುತ್ತು ಕಿರೀಟಚಕ್ರದ ಒಂದು ಸುತ್ತಿಗೆ ಸಮ. ಎರಡೇ ಸುತ್ತಿನಲ್ಲಿ ಸೂಕ್ಷ್ಮ ತಿಳಿಯದೆಂದು ಇಪ್ಪತ್ತು ಸುತ್ತಿಸಿದೆವು. ಚೀಟಿಯು ನಿಜವಾಗಿದ್ದರೆ ದಂಡವು 37 ಸುತ್ತು ಬರಬೇಕು. ನಾವು ಕೆಳಗೆ ಮಲಗಿ ಎಣಿಸಿದೆವು: 39ಕ್ಕೆ ತುಸುವೇ ಕಡಮೆ! ಮೊಮ್ಮಗನು, “ಅಜ್ಜನಿಗೆ ಲೆಕ್ಕ ತಪ್ಪಿತು” ಎಂದನು. ಮತ್ತೊಮ್ಮೆ ಎಣಿಸಿದೆವು; ಲೆಕ್ಕವು ಬದಲಾಗಲಿಲ್ಲ. ಬಳಿಕ ಗಾಲಿಗಳ ಗುಂಪನ್ನು ಹೊರತೆಗೆದು ಹಲ್ಲುಗಳನ್ನೆಣಿಸಲಾಗಿ, ಕಿರೀಟಚಕ್ರಕ್ಕೆ 35, ಪಿನಿಯನ್ನಿಗೆ 9, ಭಾಗಿಸಿದರೆ 3.89. ಚೀಟಿಯು ಸುಳ್ಳಾಡಿತ್ತು.

ಇಷ್ಟು ಶ್ರಮವೇಕೆಂದು ವಾಚಕರು ಕೇಳಬಹುದು. ಈ ಜಾತಿಯ ಅಚ್ಚಿನಲ್ಲಿ ಚಕ್ರದ ದಂಡವನ್ನು ಒಳಗೆ ಹಿಡಿದಿಡುವುದು ಆ ಬೇರಿಂಗೂ, ಅದರ ಪಕ್ಕದಲ್ಲಿ ದಂಡದ ಮೇಲೆ ಒತ್ತಿ ಕೂರಿಸಿದ ಉಕ್ಕಿನ ಬಳೆಯೂ, ಹೊರಗಿನ ತಡೆತಗಡೂ ಮಾತ್ರವೇ. ಬಳೆಯು ಸಡಿಲಿದರೆ ಚಕ್ರವು ದಂಡಸಹಿತವಾಗಿ ಕಳಚಿ ಬಂದೀತು. ಭಾರದ ಟ್ರಕ್ಕುಗಳಲ್ಲಿ ಚಕ್ರದ ನಡುವೆ ಗುಂಬವು ಮುಂಚಾಚಿ, ಅದರ ತುದಿಯಲ್ಲಿ ಬೋಲ್ಟುಗಳ ಸಾಲು ಕಂಡರೆ, ಅಲ್ಲಿ ಭಾರವನ್ನು ಹೊರುವುದು ಕೊಳವೆಯೇ ಹೊರತು ದಂಡವಲ್ಲ; ದಂಡವು ಮುರಿದರೂ ಚಕ್ರವು ನಿಲ್ಲುವುದು. ನಮ್ಮ ಬಂಡಿಗೆ ಆ ಭಾಗ್ಯವಿರಲಿಲ್ಲ. ಒಂಬತ್ತಂಗುಲದ ಅಚ್ಚುಗಳಲ್ಲಿಯೂ ಬೇರಿಂಗಿನ ಗಾತ್ರವು ಒಂದೇ ತೆರನಲ್ಲವಾದ ಕಾರಣ, ಹಳೆಯದನ್ನು ಅಳೆದು ಅದರಂತೆ ತರಿಸಿದೆವು. ಬಳೆಯನ್ನು ಕಳಚಿದಾಗ ಅದರ ಒಳಮೈ ಸವೆದು ಹೊಳೆಯುತ್ತಿತ್ತು. ಸೊಸೆಯು ಅದನ್ನು ಕೈಯಲ್ಲಿ ಹಿಡಿದು ನೋಡಿ, ಏನೂ ಹೇಳದೆ ಒಳಗೆ ಹೋದಳು.

ಹೊಸದನ್ನು ಕೂರಿಸಿದ ಮೇಲೆ ಸದ್ದು ಅಡಗಿತು. ಮಗನು ಸುಳ್ಳು ಚೀಟಿಯನ್ನು ಕಿತ್ತೆಸೆಯ ಹೊರಟನು. ನಾವು ಅದನ್ನು ಇಸಕೊಂಡು, ಅದರ ಬೆನ್ನಿನ ಮೇಲೆ “35, 9” ಎಂದು ಮೊಳೆಯಿಂದ ಕೊರೆದು, ಅದೇ ಬೋಲ್ಟಿಗೆ ಸಿಕ್ಕಿಸಿದೆವು. ಇನ್ನು ಇಪ್ಪತ್ತು ವರ್ಷಗಳ ಮೇಲೆ ಯಾವನಾದರೂ ದೀಪ ಹಿಡಿದು ಅದರ ಕೆಳಗೆ ಮಲಗುವನಷ್ಟೆ. ಅವನಿಗೆ ನಿಜವು ದೊರೆಯಲಿ. ಆದರೂ ಅವನು ಒಮ್ಮೆ ಎಣಿಸಿಯೇ ನೋಡುವುದು ಲೇಸು. ಮರುದಿನ ಮೊಮ್ಮಕ್ಕಳು ಬಂಡಿಯನ್ನು ಹತ್ತಿದರು. ಅವರ ನಡುವೆ ಸೊಸೆಯೂ ಕುಳಿತಳು.