ಅಲಂಕಾರದ ಕೋಸು: ಬಣ್ಣ, ಚಳಿ ಮತ್ತು ತುರ್ವಿಹಾಳದ ತೋಟ

ಮಸ್ಕಿಯಲ್ಲಿ 1915ರಲ್ಲಿ ಬೆಳಕಿಗೆ ಬಂದ ಅಶೋಕನ ಕಿರುಶಾಸನವು ಚರಿತ್ರೆಯ ವಿದ್ಯಾರ್ಥಿಗಳಿಗೆಲ್ಲ ಪರಿಚಿತವಾದುದು. ಅದೇ ಅರಸನ ಎರಡನೆಯ ಬಂಡೆಶಾಸನವು (ಇದು ಮಸ್ಕಿಯದಲ್ಲ) ಔಷಧಿಯ ಮೂಲಿಕೆಗಳೂ ಬೇರುಹಣ್ಣುಗಳೂ ಇಲ್ಲದ ಕಡೆಗೆ ಅವನ್ನು ತರಿಸಿ ನೆಡಿಸಿದ ಸಂಗತಿಯನ್ನು ತಿಳಿಸುತ್ತದೆ. ಒಂದು ಸೀಮೆಯ ಗಿಡವನ್ನು ಇನ್ನೊಂದು ಸೀಮೆಗೆ ಒಯ್ಯುವ ಕಾರ್ಯ ಅಷ್ಟು ಹಳೆಯದು. ಆದರೆ ಗಿಡವನ್ನು ಒಯ್ಯಬಹುದಲ್ಲದೆ ಅದರ ಹವೆಯನ್ನು ಒಯ್ಯಲಾಗದು. ಈ ಮಾತಿಗೆ ಅಲಂಕಾರದ ಕೋಸು ಉತ್ತಮ ನಿದರ್ಶನ. ತುರ್ವಿಹಾಳದಂತಹ ಎರೆಸೀಮೆಯ ಊರಿನಲ್ಲಿ ಚಳಿಗಾಲದ ತೋಟಕ್ಕೆ ಅದು ಎಷ್ಟರಮಟ್ಟಿಗೆ ಒದಗೀತೆಂಬುದನ್ನು ಇಲ್ಲಿ ವಿವೇಚಿಸುತ್ತೇವೆ.

ಎಲೆಕೋಸು, ಹೂಕೋಸು, ನವಿಲುಕೋಸುಗಳು ನೋಟಕ್ಕೆ ಬೇರೆಬೇರೆಯಾದರೂ ಸಸ್ಯಶಾಸ್ತ್ರದ ದೃಷ್ಟಿಯಲ್ಲಿ ಒಂದೇ ಜಾತಿಯವು. ಇವುಗಳ ಕಾಡುಬಂಧುಗಳು ಯೂರೋಪಿನ ಕಡಲತೀರದ ಬಂಡೆಗಳ ಮೇಲೆ ಇಂದಿಗೂ ಬೆಳೆಯುತ್ತವೆ. ಕ್ರಿಸ್ತಪೂರ್ವ ಎರಡನೆಯ ಶತಮಾನದ ರೋಮಿನ ಕೇಟೋ ತನ್ನ ಕೃಷಿಗ್ರಂಥದಲ್ಲಿ ಕೋಸನ್ನು ಬಹುವಾಗಿ ಹೊಗಳಿದ್ದಾನೆ. ನಮ್ಮ ದೇಶದಲ್ಲಿ ಇದರ ಪ್ರಚಾರಕ್ಕೆ ಪೋರ್ತುಗೀಸರು ಕಾರಣರಾದರು. ‘ಕೋಸು’ ಎಂಬ ಪದವೂ ಅವರ ‘ಕೋವ್’ ಎಂಬುದರಿಂದಲೇ ಬಂದುದೆಂದು ತಿಳಿಯಲಾಗಿದೆ. ಇದನ್ನು ಕಣ್ಣಿನ ಬೆಳೆಯಾಗಿ ತಿದ್ದಿದ ಕೀರ್ತಿ ಮುಖ್ಯವಾಗಿ ಜಪಾನಿನವರದು. ಕೈಬಾರ ಎಕ್ಕೆನ್ನನು 1709ರ ತನ್ನ ಸಸ್ಯಗ್ರಂಥದಲ್ಲಿ ಇದನ್ನು ‘ಡಚ್ಚರ ಸೊಪ್ಪು’ ಎಂಬರ್ಥದ ಹೆಸರಿನಿಂದ ಕರೆದನು. ಮುಂದೆ ಅಲ್ಲಿಯ ತೋಟಗಾರರು ಬಣ್ಣದ ಎಲೆಯ ಗಿಡಗಳನ್ನೇ ಆಯ್ದು ಬೆಳೆಸುತ್ತ ಹೋಗಲು, ‘ಹಬೋತಾನ್’ ಎಂಬ ಅಲಂಕಾರದ ತಳಿ ನಿಂತಿತು. ಇಂದಿಗೂ ಅದು ಅವರ ಹೊಸವರ್ಷದ ಶೃಂಗಾರ. ಅಂಚು ನೆರಿಗೆಗೊಂಡು ಸೀಳಿದ ಎಲೆಯದನ್ನು ಕೇಲ್ ಎಂದೂ, ಅಗಲವಾದ ದುಂಡೆಲೆಯದನ್ನು ಅಲಂಕಾರದ ಎಲೆಕೋಸು ಎಂದೂ ಕರೆಯುವುದು ರೂಢಿ.

ಇವುಗಳಲ್ಲಿ ಹೂವಿನಂತೆ ಕಾಣುವುದು ಹೂವಲ್ಲ, ನಡುವಿನ ಎಲೆಗಳ ಗೊಂಚಲು. ಚಳಿ ಬಿದ್ದಾಗ ಎಳೆಯೆಲೆಗಳಲ್ಲಿ ಪತ್ರಹರಿತ್ತು ಹುಟ್ಟುವುದು ಕುಗ್ಗುತ್ತದೆ. ಕೆಂಪು ತಳಿಗಳಲ್ಲಿ ಆಂಥೋಸಯನಿನ್ ಎಂಬ ವರ್ಣದ್ರವ್ಯ ತುಂಬಿ ನೇರಳೆ, ಗುಲಾಬಿ ಬಣ್ಣಗಳು ಮೂಡುತ್ತವೆ. ಅದಿಲ್ಲದ ತಳಿಗಳ ನಡುವೆಲೆಗಳು ಕೆನೆಬಿಳುಪಾಗಿ ಉಳಿಯುತ್ತವೆ. ಬಣ್ಣ ಚೆನ್ನಾಗಿ ಏರಬೇಕಾದರೆ ಸುಮಾರು ಎರಡು ವಾರ ರಾತ್ರಿಯ ಉಷ್ಣಮಾನ ಹತ್ತು ಹನ್ನೆರಡು ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿಗೆ ಇಳಿಯಬೇಕು. ದೆಹಲಿಯಲ್ಲಿಯೂ ಉದಕಮಂಡಲದಲ್ಲಿಯೂ ಜನವರಿಯ ರಾತ್ರಿಗಳು ಇದಕ್ಕಿಂತಲೂ ತಂಪು. ರಾಯಚೂರು ಸೀಮೆಯಲ್ಲಾದರೋ ಡಿಸೆಂಬರ್, ಜನವರಿಗಳ ರಾತ್ರಿಯ ಉಷ್ಣಮಾನ ಸರಾಸರಿ 17 ಡಿಗ್ರಿಯಷ್ಟು, ಹಗಲಿನದು 30 ಡಿಗ್ರಿಯಷ್ಟು. ಆದುದರಿಂದ ಬೀಜದ ಪೊಟ್ಟಣದ ಚಿತ್ರವನ್ನು ನಂಬಿ ನೆಟ್ಟವರಿಗೆ ಇಲ್ಲಿ ಹಸಿರೇ ಹೆಚ್ಚಾಗಿ ಕಂಡರೆ ಅದು ಮಾಲಿಯ ಅಪರಾಧವಲ್ಲ, ಬೀಜದ ದೋಷವೂ ಅಲ್ಲ.

ಆದರೂ ಪ್ರಯೋಗಕ್ಕಾಗಿ ಬೆಳೆಸುವವರು ಕೆಲವು ಸಂಗತಿಗಳನ್ನು ಗಮನಿಸಬೇಕು. ಬಿಳಿಯ ತಳಿಗಿಂತ, ಮೊದಲೇ ಎಲೆಯಲ್ಲಿ ನೇರಳೆ ಛಾಯೆಯುಳ್ಳ ತಳಿ ನಮ್ಮ ಹವೆಗೆ ಲೇಸು. ಸೆಪ್ಟೆಂಬರ್ ಕೊನೆಯಲ್ಲಿ ನೆರಳಿನ ಮಡಿಯಲ್ಲಿ ಬಿತ್ತಿ, ನಾಲ್ಕೈದು ವಾರದ ಸಸಿಗಳನ್ನು ಒಂದಡಿಗೊಂದರಂತೆ ನಾಟಿ ಮಾಡಬೇಕು. ಎರೆಮಣ್ಣು ನೀರನ್ನು ಹಿಡಿದಿಡುವುದರಿಂದ ಏರುಮಡಿಯೋ ಮರಳು ಗೊಬ್ಬರ ಬೆರೆತ ಕುಂಡವೋ ಅಗತ್ಯ. ಬಣ್ಣ ತಿರುಗುವ ಹೊತ್ತಿಗೆ ಸಾರಜನಕದ ಗೊಬ್ಬರವನ್ನು ನಿಲ್ಲಿಸಬೇಕು. ಇಲ್ಲವಾದರೆ ಹಸಿರು ಮತ್ತೆ ಮೇಲುಗೈಯಾಗುತ್ತದೆ. ಕೋಸಿನ ದೊಡ್ಡ ಶತ್ರು ವಜ್ರಬೆನ್ನಿನ ಪತಂಗದ ಹುಳು. ಈ ಪತಂಗವು ಸಾಸಿವೆಗೆ ಹೆಚ್ಚು ಒಲಿಯುವುದೆಂಬುದನ್ನು ಆಧರಿಸಿ, ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಕೋಸಿನ 25 ಸಾಲುಗಳಿಗೊಮ್ಮೆ ಸಾಸಿವೆಯನ್ನು ಬಿತ್ತುವ ಕ್ರಮವನ್ನು ರೂಪಿಸಿದರು. ಚಿಕ್ಕ ಮಡಿಗೆ ಸುತ್ತ ಒಂದು ಸಾಲು ಸಾಸಿವೆ ಸಾಕು. ಹುಳು ಕಂಡಾಗ ಬೇವಿನ ಬೀಜದ ಕಷಾಯವನ್ನು ಸಿಂಪಡಿಸಬಹುದು.

ಹಾಗಾದರೆ ತುರ್ವಿಹಾಳದ ಚಳಿಗಾಲಕ್ಕೆ ಬಣ್ಣವೇ ಇಲ್ಲವೆ? ಇದೆ, ಅದರ ಕಾರಣ ಮಾತ್ರ ಬೇರೆ. ಸೇವಂತಿಗೆಯನ್ನು ಅರಳಿಸುವುದು ಮುಖ್ಯವಾಗಿ ಚಳಿಯಲ್ಲ, ಮೋಟಾಗುವ ಹಗಲು. ಹಗಲು ಇಲ್ಲಿಯೂ ಮೋಟಾಗುವುದಷ್ಟೆ. ಚೆಂಡುಹೂವಿಗೆ ಬಿಸಿಲೇ ಬಲ. ಎರೆಭೂಮಿಯ ಹಿಂಗಾರಿ ಬೆಳೆಯಾದ ಕುಸುಬೆ ಮುಳ್ಳಿನ ನಡುವೆ ಹಳದಿ, ಕಿತ್ತಳೆ ಹೂಗಳನ್ನು ತಳೆಯುತ್ತದೆ. ಹಿಂದೆ ಬಟ್ಟೆಗೆ ಕೆಂಪು ಬಣ್ಣ ಕಟ್ಟಲು ಇದರ ಎಸಳುಗಳೂ ಒಂದು ಸಾಧನವಾಗಿದ್ದುವು. ಇವುಗಳಲ್ಲಿಯೂ ಸೇವಂತಿಗೆ ಚೀನದಿಂದ, ಚೆಂಡುಹೂ ಮೆಕ್ಸಿಕೋದಿಂದ ಬಂದವು ಎಂಬುದನ್ನು ಮರೆಯಬಾರದು. ಇವು ಇಂದು ನಮ್ಮ ಹಬ್ಬಗಳ ಹೂಗಳಾಗಿರುವುದು ಇಲ್ಲಿ ಹುಟ್ಟಿದುದರಿಂದಲ್ಲ, ಇಲ್ಲಿಯ ಬಿಸಿಲಿಗೂ ಹಗಲಿಗೂ ಒಗ್ಗಿದುದರಿಂದ.

ಆದಕಾರಣ, ನೀರೂ ಹಣವೂ ಮಿತವಾಗಿರುವ ಕಾಲೇಜಿನ ತೋಟಕ್ಕೆ ನಮ್ಮ ಸೂಚನೆ ಇಷ್ಟು: ಮಡಿಗಳನ್ನು ಸೇವಂತಿಗೆ, ಚೆಂಡುಹೂಗಳಿಗೆ ಬಿಡಬೇಕು, ಅಂಚಿಗೆ ಕುಸುಬೆಯ ಸಾಲಿರಲಿ. ಅಲಂಕಾರದ ಕೋಸನ್ನು ಹತ್ತಾರು ಕುಂಡಗಳಲ್ಲಿ ಬೆಳೆಸಿ, ಪಕ್ಕದಲ್ಲೊಂದು ಉಷ್ಣಮಾಪಕವನ್ನು ತೂಗಹಾಕಿ, ನವೆಂಬರಿನಿಂದ ಫೆಬ್ರವರಿಯವರೆಗೆ ಪ್ರತಿದಿನದ ಕನಿಷ್ಠ ಉಷ್ಣಮಾನವನ್ನೂ ಎಲೆಯ ಬಣ್ಣವನ್ನೂ ವಿದ್ಯಾರ್ಥಿಗಳಿಂದ ಬರೆಯಿಸಬೇಕು. ನಾಲ್ಕಾರು ವರ್ಷಗಳ ಅಂತಹ ದಾಖಲೆ ದೊರೆತರೆ ಈ ಸೀಮೆಯ ಚಳಿಗೆ ಯಾವ ತಳಿ ಎಷ್ಟು ಬಣ್ಣ ತಳೆಯುವುದೆಂಬುದು ಊಹೆಯಿಂದಲ್ಲದೆ ಪ್ರಮಾಣದಿಂದ ತಿಳಿಯುತ್ತದೆ. ಪ್ರಮಾಣವನ್ನು ಕೂಡಿಡುವ ಅಭ್ಯಾಸವು ಚರಿತ್ರೆಯ ವಿದ್ಯಾರ್ಥಿಗೂ ಅಷ್ಟೇ ಅಗತ್ಯವಾದುದು.